ನೋಡುವ ಕೆಲಸ

ಕರೆಂಟಿನ ಪ್ಯಾನೆಲ್ ಕೋಣೆಯ ಬಾಗಿಲ ಪಕ್ಕದ ಮೊಳೆಯಲ್ಲಿ ತನ್ನ ಹೆಂಡತಿಯ ಮಾಂಗಲ್ಯದ ಸರ ತೂಗುತ್ತಿರುವುದನ್ನು ಬಸವಪ್ರಸಾದ್ ನೋಡಿದ. ಅದೇ ಮೊಳೆಯಲ್ಲಿ ಗಂಡಸಿನ ವಾಚೂ ಒಂದಿತ್ತು. ವಾಚಿನ ಪಟ್ಟಿ ಸರಕ್ಕೆ ತೊಡರಿಕೊಂಡಿತ್ತು.

ಅವನು ಹಂಗಳದಿಂದ ಟೆಂಪೊದಲ್ಲಿ ಚೆಂಡು ಹೂ ತುಂಬಿಕೊಂಡು ಗುಂಡ್ಲುಪೇಟೆಯ ಹೊರಗಿನ, ಹೂವಿನಿಂದ ಬಣ್ಣ ತೆಗೆಯುವ ಈ ಕಾರ್ಖಾನೆಗೆ ಬಂದಿದ್ದ. ತೂಕಕ್ಕೆ ಸಾಲು ಉದ್ದವಿತ್ತು. ಹೆಂಡತಿ ಸುಧಾಮಣಿ ಮನೆಯಲ್ಲೇ ಮರೆತು ಬಂದಿದ್ದ ಊಟದ ಡಬ್ಬಿ ಕೊಟ್ಟು ಹೋಗೋಣವೆಂದು ಒಳಗೆ ನಡೆದಿದ್ದ. ಅವಳು ಚಾಮರಾಜನಗರದಲ್ಲಿ ಡಿಪ್ಲೊಮಾ ಓದಿದವಳು, ಇಲ್ಲಿ ಎಲೆಕ್ಟ್ರಿಷಿಯನ್. ಯಾವ ತಂತಿಯ ಜೋಡಣೆ ಒಳಗೊಳಗೇ ಕಾಯುತ್ತಿದೆ ಎಂದು ಶಾಖ ತೋರಿಸುವ ಕ್ಯಾಮೆರಾದಲ್ಲಿ ನೋಡುವುದು ಅವಳ ಹೊಸ ಕೆಲಸ. ಕರೆಂಟು ಹರಿಯುತ್ತಿದ್ದರೆ ಮಾತ್ರ ಬಿಸಿ ಕಾಣುತ್ತದೆ, ಆದ್ದರಿಂದ ಅದನ್ನು ನಿಲ್ಲಿಸುವಂತಿಲ್ಲ, ಮೈಮೇಲೆ ಲೋಹವೂ ಇರುವಂತಿಲ್ಲ ಎಂದೆಲ್ಲ ಅವಳು ಮನೆಯಲ್ಲಿ ಹೇಳಿದ್ದಳು. ಬಿಚ್ಚಿದ ಸರ ಯಾವ ಮೊಳೆಯಲ್ಲಿರುತ್ತದೆ ಎಂದು ಹೇಳಿರಲಿಲ್ಲ.

ಬಾಗಿಲಿಗೆ ಅಡ್ಡ ಒಂದು ಕೆಂಪು ಹಗ್ಗವಿತ್ತು. ಅವನು ಅದರಾಚೆ ಇಣುಕಿದ. ಸುಧಾಮಣಿ ಬೆನ್ನು ಹಾಕಿ ನಿಂತಿದ್ದಳು. ಕಂಬಳಿಯಷ್ಟು ದಪ್ಪದ ಕೋಟು, ತಲೆಗೆ ಹೆಲ್ಮೆಟ್ಟು, ಮುಖ ಮುಚ್ಚುವ ಪರದೆ. ಜಡೆ ಕೂಡ ಕಾಣುತ್ತಿರಲಿಲ್ಲ. ಎದುರಿಗೆ ಬಾಗಿಲು ತೆರೆದ ಆಳೆತ್ತರದ ಪ್ಯಾನೆಲ್, ಅದರೊಳಗೆ ತಾಮ್ರದ ಪಟ್ಟಿಗಳು. ಅವಳ ಹಿಂದೆ, ನೆಲದ ಹಳದಿ ಗೆರೆಯ ಮೇಲೆ ಶಶಿಕುಮಾರ. ಅವನ ಕೈಯಲ್ಲಿ ತುದಿಗೆ ಕೊಕ್ಕೆಯಿದ್ದ ಫೈಬರ್ ಕೋಲು. ಕೊಕ್ಕೆ ಅವಳ ಸೊಂಟದ ಹತ್ತಿರ ಬಂದು ನಿಂತಿತ್ತು. ಅವನು ಪ್ಯಾನೆಲ್ ನೋಡುತ್ತಿರಲಿಲ್ಲ, ಕ್ಯಾಮೆರಾ ನೋಡುತ್ತಿರಲಿಲ್ಲ. ಸುಧಾಮಣಿಯನ್ನು ನೋಡುತ್ತಿದ್ದ.

ಇವನೇ ಶಶಿಕುಮಾರ ಎಂದು ಯಾರೂ ಹೇಳಬೇಕಿರಲಿಲ್ಲ. ಹೆಸರು ದಿನಾ ಊಟಕ್ಕೆ ಕೂತಾಗ ಮನೆಗೆ ಬರುತ್ತಿತ್ತು. ಶಶಿಕುಮಾರ ಹಿಂದೆ ನಿಂತರೆ ನನಗೆ ಧೈರ್ಯ ಎಂದು ಅವಳು ಸೊಪ್ಪು ಬಡಿಸುತ್ತಾ ಹೇಳಿದ್ದುಂಟು. ಗಂಡಸರು ಹೆಂಗಸರನ್ನು ನೋಡುವುದು ಬಸವಪ್ರಸಾದನಿಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ನೋಡಿ ಬೇರೆ ಕಡೆ ತಿರುಗಿಕೊಳ್ಳುತ್ತಾರೆ. ಇವನು ತಿರುಗುತ್ತಲೇ ಇರಲಿಲ್ಲ. ಹೀಗೆ ಕಣ್ಣು ಕೀಳದೆ ತಾನು ಅವಳನ್ನು ಮದುವೆಯ ದಿನವೂ ನೋಡಿರಲಿಲ್ಲ. ನಡುವೆ ಫೋಟೊದವರು ಇದ್ದರು. ಶಶಿಕುಮಾರ ರೆಪ್ಪೆ ಬಡಿಯಲಿ ಎಂದು ಬಸವಪ್ರಸಾದ್ ಕಾದ. ಬಡಿಯಲಿಲ್ಲ. ಎಂಜಲು ನುಂಗಿದಾಗ ಶಶಿಕುಮಾರನ ಗಂಟಲಿನ ಉಬ್ಬು ಮೇಲೆ ಹೋಗಿ ಕೆಳಗೆ ಬಂತು.

"ಏನ್ಲಾ ಅಂಗ್ ನೋಡ್ತಾ ಇದ್ದೀಯ?"

ಶಶಿಕುಮಾರ ಕತ್ತು ತಿರುಗಿಸಲಿಲ್ಲ. "ಹಗ್ಗದ ಆಚ್ಗೇ ನಿಂತ್ಕಳಿ ಅಣ್ಣ. ಕರೆಂಟದೆ."

"ಕೇಳಿದ್ಕೆ ಯೋಳ್ಲಾ."

"ಮೇಡಂ ಕಣ್ಣು ಕ್ಯಾಮೆರಾ ಒಳಗದೆ. ಅವ್ರ ಕಾಲು ಎತ್ತಗ್ ಓಯ್ತದೆ ಅಂತ ನಾನು ನೋಡ್ಬೇಕು. ಅದೇ ನನ್ ಕೆಲ್ಸ."

ಹೆಂಡತಿಯ ಕಾಲು ನೋಡುವುದಕ್ಕೆ ಸಂಬಳ. ಬಸವಪ್ರಸಾದ್ ಹಗ್ಗದ ಕೆಳಗೆ ನುಸುಳಿ ಬಂದು ಅವನ ಭುಜ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡ.

ಆ ಹೊತ್ತಿಗೆ ಕ್ಯಾಮೆರಾದಲ್ಲಿ, ನೀಲಿ ನೇರಳೆಗಳ ನಡುವೆ, ಒಂದು ಜೋಡಣೆ ಬೆಳ್ಳಗೆ ಉರಿಯುತ್ತಿರುವುದು ಸುಧಾಮಣಿಗೆ ಕಂಡಿತ್ತು. ಇನ್ನೂ ಚೆನ್ನಾಗಿ ಕಾಣಲೆಂದು ಒಂದು ಹೆಜ್ಜೆ ಮುಂದಿಟ್ಟಳು. ಮೊಬೈಲು ನೋಡುತ್ತಾ ರಸ್ತೆ ದಾಟುವವರ ಹಾಗೆ ಮತ್ತೊಂದು. ಕೋಟಿನ ತೋಳು ತಾಮ್ರದ ಕಡೆಗೆ ಹೋಗುತ್ತಿತ್ತು. ಶಶಿಕುಮಾರ ಭುಜ ಕೊಡವಿಕೊಂಡು ಅವಳ ಕಡೆಗೆ ಕತ್ತು ಹೊರಳಿಸಿದ, ಕೋಲು ಚಾಚಿದ. ಕೊಕ್ಕೆ ಅವಳ ಬೆಲ್ಟಿಗೆ ಸಿಕ್ಕಿತು. ಎಳೆದ ರಭಸಕ್ಕೆ ಅವಳು ಹಳದಿ ಗೆರೆಯ ಈಚೆಗೆ ಬಂದು ನೆಲದ ಮೇಲೆ ಕೂತಳು.

ಶಶಿಕುಮಾರ ಪ್ಯಾನೆಲಿನ ಬಾಗಿಲು ಹಾಕಿ ಹಿಡಿ ತಿರುಗಿಸಿದ. ಆಮೇಲಷ್ಟೇ ಅವನು ಬಸವಪ್ರಸಾದನನ್ನು ಮೊದಲ ಸಲ ಸರಿಯಾಗಿ ನೋಡಿದ, ನೋಡಿ, ನೀರು ಕುಡಿಯಲು ಹೊರಗೆ ಹೋದ.

ಸುಧಾಮಣಿ ಹೆಲ್ಮೆಟ್ಟು ತೆಗೆದಳು. ಮುಖವೆಲ್ಲ ಬೆವರು. ಎಷ್ಟು ಹತ್ತಿರ ಹೋಗಿದ್ದೆ ಎಂದು ಎದ್ದು ನಿಂತು ಕಣ್ಣಳತೆಯಲ್ಲಿ ನೋಡಿಕೊಂಡಳು, ಮತ್ತೆ ಕೂತಳು.

"ಇನ್ಮೇಕೆ ಅವ್ನು ಬ್ಯಾಡ ಕಣಮ್ಮಿ," ಎಂದ ಬಸವಪ್ರಸಾದ್. ಊಟದ ಡಬ್ಬಿ ಇನ್ನೂ ಕೈಯಲ್ಲೇ ಇತ್ತು. "ಮ್ಯಾನೇಜರ್‌ಗೆ ಯೋಳು. ನಾನೇ ಬಂದು ನಿಂತ್ಕತೀನಿ. ಕಟ್ಕಂಡ ಗಂಡ ನಾನು. ನನಗಿಂತ ನಿಗಾ ಇಟ್ಟು ನಿನ್ನ ಇನ್ಯಾರು ನೋಡಾರು?"

ಅವಳಿಗೆ ಕೋಪ ಬರಲಿಲ್ಲ. ಕೆಲಸ ಕೇಳಿಕೊಂಡು ಬಂದವರನ್ನು ವಿಚಾರಿಸುವ ಹಾಗೆ, "ಎಷ್ಟೊತ್ತಿಂದ ಬಾಗ್ಲಲ್ಲಿ ನಿಂತಿದ್ರಿ?" ಎಂದಳು.

"ಆಗ್ಲಿಂದ್ಲೂ."

"ಎಲ್ಲಾ ನೋಡಿದ್ರಾ?"

"ನೋಡ್ದೆ."

"ಅಂಗಾರೆ ಹೇಳಿ. ನಾನು ಮೊದ್ಲು ಯಾವ ಕಾಲು ಮುಂದಕ್ಕಿಟ್ಟೆ?"

ಬಸವಪ್ರಸಾದ್ ನೆನಪು ಮಾಡಿಕೊಂಡ. ಶಶಿಕುಮಾರನ ಕಿವಿಯ ಹಿಂದಿನ ಮಚ್ಚೆ ಬಂತು. ದವಡೆಯ ಮೇಲೆ ಬ್ಲೇಡಿಗೆ ಸಿಗದೆ ಉಳಿದಿದ್ದ ಒಂದು ಚೂರು ಗಡ್ಡ, ಸವೆದ ಕಾಲರು, ಎಂಜಲು ನುಂಗಿದಾಗ ಕದಲಿದ ಗಂಟಲು, ಎಲ್ಲ ಒಂದೂ ಬಿಡದೆ ಕಣ್ಣ ಮುಂದೆ ಬಂದವು. ಹೆಂಡತಿ ಇದ್ದ ಕಡೆ ಮಾತ್ರ ಕಾಲಿಲ್ಲದ ಒಂದು ಕೋಟು ನಿಂತಿತ್ತು.