ಅಕ್ಕ ತಿರುಗಿ ನೋಡಿದ್ದು

ಕುಸುಬೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ ಬಂದರೆ ಈಗಲೂ ನನ್ನ ರೆಪ್ಪೆಗಳು ಅಲುಗದೆ ನಿಲ್ಲುತ್ತವೆ.

ಆ ಮಧ್ಯಾಹ್ನ ದೇವದುರ್ಗದ ನಮ್ಮ ಮನೆಗೆ ಮಾನ್ವಿಯ ಔಷಧಿಯವನು ಮೂರನೇ ಸಲ ಬಂದಿದ್ದ. ಹುಟ್ಟಿನಿಂದ ಏನೂ ಕೇಳದ ಅಕ್ಕನ ಕಿವಿಗೆ ಬಿಸಿ ಎಣ್ಣೆ ಬಿಟ್ಟ. ಅಕ್ಕ ಹಲ್ಲು ಕಚ್ಚಿದಳು. ಆಮೇಲೆ ಅವಳ ಬೆನ್ನ ಹಿಂದೆ ನಿಂತು ಹಿತ್ತಾಳೆ ತಾಟು ಬಾರಿಸಿದ. ಅಕ್ಕ ತಟ್ಟನೆ ತಿರುಗಿದಳು.

“ನೋಡ್ರಿ ಯವ್ವಾ, ಕೇಳಾಕತ್ತದ!”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ, “ಇನ್ನ ಆಕಿ ಜೋಡಿ ಕೈಮಾತು ಬಂದ್ ಮಾಡು. ಬಾಯಿಲೆ ಮಾತಾಡು” ಎಂದಳು.

ನಾನು ನಂಬಲಿಲ್ಲ. ಅಕ್ಕನ ಎದುರಿಗೇ ಕುಳಿತಿದ್ದೆ. ಸದ್ದಿಗೆ ನನ್ನ ಕಣ್ಣು ಮುಚ್ಚಿದ್ದನ್ನು ಅವಳು ನೋಡಿದ್ದಳು. ನಮ್ಮ ಜಗಳ, ಗುಟ್ಟು ಎಲ್ಲ ಕೈಯಲ್ಲೇ ಇದ್ದವು.

“ಇನ್ನೊಮ್ಮೆ ಬಾರಿಸ್ರಿ” ಎಂದೆ.

“ಏನ್ರಿ ಯವ್ವಾ, ನಿಮ್ಮ ಸಣ್ಣ ಮಗಳು ಫೌಜದಾರ ಆಗ್ಯಾಳ!” ಎಂದು ನಕ್ಕು ಅವನು ಬಾರಿಸಿದ. ನಾನು ಕಣ್ಣು ಅಗಲಿಸಿಯೇ ಇದ್ದೆ. ಅಕ್ಕ ನನ್ನ ಮುಖವನ್ನೇ ನೋಡುತ್ತ ಕುಳಿತಳು, ತಿರುಗಲಿಲ್ಲ.

ಔಷಧಿಯವನು ಎಣ್ಣೆಯನ್ನು ಮತ್ತೆ ಒಲೆಯ ಮೇಲಿಟ್ಟ.

ಆಗ ಅಕ್ಕನ ಬೆರಳುಗಳು ಮಡಿಲಲ್ಲಿ ಮೆಲ್ಲಗೆ ಆಡಿ ನನ್ನನ್ನು ಕೇಳಿದವು: “ಯಾಕ ಕಣ್ಣು ಮುಚ್ಚಲಿಲ್ಲ? ನಾ ತಿರುಗಿದ್ರ ಎಣ್ಣಿ ಹಾಕೋದು ನಿಲ್ಲತಿತ್ತು.”