ಹೆಸರು ಹೇಳುವ ಆಟ

ಈಜುಕೊಳದ ಕಡೆ ಓಡುತ್ತಿದ್ದ ಮೊಮ್ಮಗಳು ಕೃತಿಕಾಳ ರಟ್ಟೆಯನ್ನು ಗಪ್ಪನೆ ಹಿಡಿದು ಕಲ್ಲೇಶಪ್ಪ ಅವಳನ್ನು ಪಕ್ಕದ ಕುರ್ಚಿಯಲ್ಲಿ ಕುಕ್ಕಿದ. ಸುತ್ತ ನೋಡಿದಷ್ಟೂ ಸಮುದ್ರ. ಹಡಗಿನ ಮೇಲಂತಸ್ತಿನ ಕೊಳದ ಬಳಿ ಮಕ್ಕಳ ಈಜು ಪಂದ್ಯಕ್ಕೆ ಹೆಸರು ಕೊಟ್ಟವರೆಲ್ಲ ಸೇರುತ್ತಿದ್ದರು. ಹದಿಮೂರರ ಕೃತಿಕಾ ಮಾತ್ರ ಈಜುಡುಗೆಯ ಮೇಲೆ ಟವೆಲ್ ಹೊದ್ದು, ತಾತನ ಮುಷ್ಟಿಯಲ್ಲಿ ಕೈ ಸಿಕ್ಕಿಸಿಕೊಂಡು, ಅಳು ನುಂಗುತ್ತ ಕೂತಳು.

ತಿಂಡಿಯ ಹೊತ್ತಿನವರೆಗೂ ಎಲ್ಲ ಸರಿಯಾಗೇ ಇತ್ತು. ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು ಪೈಪ್ ಕಂಪನಿಯವರು ಮನೆಮಂದಿಯ ಸಮೇತ ಮುಂಬೈಯಲ್ಲಿ ಹಡಗು ಹತ್ತಿಸಿದ್ದರು. ದಾವಣಗೆರೆಯ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಹೆಂಡತಿ ದ್ರಾಕ್ಷಾಯಣಮ್ಮನನ್ನೂ ಮೊಮ್ಮಗಳನ್ನೂ ಕರೆತಂದಿದ್ದ ಕಲ್ಲೇಶಪ್ಪ, ಕೃತಿಕಾ ಈಜುವುದನ್ನು ವೀಡಿಯೊ ಮಾಡಿ ಮನೆಗೆ ಕಳಿಸುತ್ತೇನೆಂದು ತಾನೇ ಹೇಳಿದ್ದ. ಅಷ್ಟರಲ್ಲಿ ಆನಗೋಡಿನ ಡೀಲರ್ ಮಾರಪ್ಪ ಜ್ಯೂಸ್ ಹೀರುತ್ತ ಬಂದು, "ಏನ್ ಕಲ್ಲೇಶಪ್ಪಾರೆ, ಮೊಮ್ಮಗಳನ್ನ ಫಾರಿನ್ ಮಾಡಿಬಿಟ್ರಲ್ಲ" ಅಂದ. ಅಂದವನು ನಕ್ಕು ಮರೆತು ಮುಂದೆ ಹೋದ. ಕೇಳಿದವನ ಮುಖ ಹರಳೆಣ್ಣೆ ಕುಡಿದಂತಾಯಿತು. ತಾನು ಚಡ್ಡಿಯಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂತದ್ದಕ್ಕೆ ಯಾರ ಅಡ್ಡಿಯೂ ಇಲ್ಲ. ಇಂಥವರ ಮಾನ ಮನೆಯ ಹೆಣ್ಣುಮಕ್ಕಳ ಬಟ್ಟೆಯಲ್ಲೇ ಯಾಕೆ ಸಿಕ್ಕಿಕೊಂಡಿರುತ್ತದೋ, ಆ ದೇವರೇ ಬಲ್ಲ.

ದ್ರಾಕ್ಷಾಯಣಮ್ಮ ಮೊದಲು ಮೆತ್ತಗೇ ಕೇಳಿದಳು. ಒಂದೇ ಒಂದು ಪಂದ್ಯ, ಎಷ್ಟು ಆಸೆಪಟ್ಟು ಬಂದಿದೆ ಕೂಸು, ಈಜಿ ಬರಲಿ ಬಿಡಿ ಅಂದಳು.

"ನಾಕು ಜನದ ಮುಂದೆ ನನ್ನ ಮಾನ ಮೂರು ಕಾಸಿಗೆ ಹರಾಜು ಹಾಕಬ್ಯಾಡ. ಬಾಯ್ಮುಚ್ಚಿಕೊಂಡು ಕೂಡು," ಅಂದ ಕಲ್ಲೇಶಪ್ಪ. ಊರಿಗೆ ಹೋದ ಮೇಲೂ ಈಜುಗೀಜು ಎಲ್ಲ ಬಂದ್ ಎಂದು ಸೇರಿಸಿದ.

ದ್ರಾಕ್ಷಾಯಣಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸರಸ್ವತಿ ನಗರದ ಮನೆಯಿಂದ ದಿನಾ ಆಟೋ ಹಿಡಿದು ಈ ಹುಡುಗಿಯನ್ನು ಈಜು ಕಲಿಯಲು ಕರೆದೊಯ್ದವಳು ಅವಳೇ. ಅವಳ ತವರು ಹರಿಹರ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಹೊಳೆಯಲ್ಲಿ ಈಜು ಕಲಿತವಳನ್ನು, ಮೈನೆರೆದ ವರ್ಷ ಅಣ್ಣ ಜಡೆ ಹಿಡಿದು ದಡಕ್ಕೆ ಎಳೆದು ಹಾಕಿದ್ದ. ಆಮೇಲೆ ಅವಳ ಪಾಲಿಗೆ ನೀರೆಂದರೆ ಬಚ್ಚಲಮನೆಯದಷ್ಟೇ. ಅವತ್ತು ಬಟ್ಟೆ ಒಗೆಯುತ್ತ ಅಲ್ಲೇ ಕೂತಿದ್ದ ಅವ್ವ ತುಟಿ ಪಿಟಕ್ಕೆನ್ನಲಿಲ್ಲ. ಅಣ್ಣನ ಮೇಲಿನ ಸಿಟ್ಟು ಯಾವಾಗಲೋ ಆರಿತ್ತು. ಅವ್ವನ ಮೇಲಿನದು ಆರಿರಲಿಲ್ಲ. ಈಗ ತಾನೂ ಹಾಗೇ ಬಾಯಿ ಹೊಲಿದುಕೊಂಡು ಕೂತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಷ್ಟರಲ್ಲಿ ಕಂಪನಿಯ ಹುಡುಗ ದಿನೇಶ್ ಮೈಕ್ ಹಿಡಿದು ಬಂದ. ಮಕ್ಕಳ ಪಂದ್ಯಕ್ಕೆ ಮೊದಲು ಹೆಂಗಸರಿಗೊಂದು ಆಟ, ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು ಎಂದು ಸಾರಿದ. ಎಲ್ಲರೂ ಹೋ ಎಂದರು. ಗಂಡನ ಹೆಸರನ್ನು ಬರಿದೇ ಬಾಯಲ್ಲಿ ಆಡಿದರೆ ಅವನ ಆಯುಸ್ಸು ಸವೆಯುತ್ತದೆ ಎಂದು ನಂಬಿದ ಹೆಂಗಸರು ಅಲ್ಲಿ ಬಹಳ ಮಂದಿ. ಮದುವೆ, ಸೀಮಂತಗಳಲ್ಲಿ ಬಾಗಿಲಿಗೆ ಅಡ್ಡ ನಿಂತು ಕೇಳಿದರೆ ಮಾತ್ರ, ಪ್ರಾಸ ಜೋಡಿಸಿ, ಹೆಸರನ್ನು ಅದರೊಳಗೆ ಸುತ್ತಿ ಹೇಳುವುದು ರೂಢಿ. ದ್ರಾಕ್ಷಾಯಣಮ್ಮನಂತೂ ಬ್ಯಾಂಕಿನವರು ಗಂಡನ ಹೆಸರು ಕೇಳಿದರೂ ನಾಚಿಕೊಂಡು ಮೊಮ್ಮಗಳ ಕಡೆ ಕೈ ತೋರಿಸುವವಳು.

ಗದಗಿನ ಹೆಂಗಸೊಬ್ಬಳು ಸೆರಗು ಸರಿಪಡಿಸಿಕೊಂಡು ಶುರು ಮಾಡಿದಳು. "ಕಡಲಿನ ತುಂಬ ಉಪ್ಪು, ಹೋಳಿಗಿಗೆ ತುಪ್ಪ, ನನ್ನ ಕೈ ಹಿಡಿದಾರ ಗದಗಿನ ಬಸಪ್ಪ." ಚಪ್ಪಾಳೆ ಬಿತ್ತು. ಬಸಪ್ಪ ಎದ್ದು ನಿಂತು ಕೈ ಮುಗಿದ.

ಮೈಕ್ ದ್ರಾಕ್ಷಾಯಣಮ್ಮನ ಹತ್ತಿರ ಬಂತು. ಕಲ್ಲೇಶಪ್ಪನ ಮುಖ ಅರಳಿತು. ಬೀಗರ ಮನೆಗಳಲ್ಲೆಲ್ಲ ಹೆಂಡತಿಯ ಒಡಪಿಗೆ ಹೆಸರಿತ್ತು. ಮಾರಪ್ಪ ತನ್ನ ಮೊಬೈಲ್ ಎತ್ತಿ ಹಿಡಿದದ್ದನ್ನು ನೋಡಿ ಕಲ್ಲೇಶಪ್ಪ ಒಂದು ಕೈಯಲ್ಲಿ ಮೀಸೆ ತೀಡಿಕೊಂಡ. ಇನ್ನೊಂದು ಕೈ ಹುಡುಗಿಯ ರಟ್ಟೆ ಬಿಟ್ಟಿರಲಿಲ್ಲ.

"ಚೊಲೋದೊಂದು ಹೇಳು," ಅಂದ.

ದ್ರಾಕ್ಷಾಯಣಮ್ಮ ಎದ್ದು ನಿಂತಳು. ಕೊಳದಂಚಿನಲ್ಲಿ ಮಕ್ಕಳು ಆಗಲೇ ಸಾಲುಗಟ್ಟುತ್ತಿದ್ದರು. ಕೃತಿಕಾಳ ಜಾಗ ಖಾಲಿ ಇತ್ತು. ಅವಳು ಗಂಡನ ಕಡೆ ತಿರುಗಿದಳು.

"ಕಲ್ಲೇಶಪ್ಪ," ಅಂದಳು. ಮೈಕಿನಲ್ಲಿ ಅದು ಹಡಗಿಗೆಲ್ಲ ಕೇಳಿಸಿತು. "ಹುಡುಗಿ ಕೈ ಬಿಡು."

ಜನ ಪ್ರಾಸಕ್ಕೆ ಕಾದರು. ಪ್ರಾಸ ಬರಲಿಲ್ಲ. ನಗಲು ಬಾಯಿ ತೆರೆದಿದ್ದ ದಿನೇಶ್ ಹಾಗೇ ನಿಂತ. ಗದಗಿನ ಹೆಂಗಸು ತಾಳಿ ಹಿಡಿದು ಕಣ್ಣಿಗೊತ್ತಿಕೊಂಡಳು. ಮಾರಪ್ಪ ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದ. ಕಲ್ಲೇಶಪ್ಪನ ಬೆರಳುಗಳು ಸಡಿಲಾದವು. ಅವನೇ ಬಿಟ್ಟನೋ, ಹುಡುಗಿಯೇ ಕಿತ್ತುಕೊಂಡಳೋ, ಕೃತಿಕಾ ಟವೆಲ್ ಬಿಸಾಕಿ ಓಡಿ ಹೋಗಿ ಸಾಲಿನಲ್ಲಿ ನಿಂತಳು.

ದ್ರಾಕ್ಷಾಯಣಮ್ಮ ಮೈಕ್ ಕೊಟ್ಟು ಗಂಡನ ಪಕ್ಕದಲ್ಲೇ ಬಂದು ಕೂತಳು. ಸೀಟಿ ಕೇಳಿಸಿತು, ಮಕ್ಕಳು ನೀರಿಗೆ ಧುಮುಕಿದರು.

ಕಲ್ಲೇಶಪ್ಪ ಕೆಳಗೆ ಬಿದ್ದಿದ್ದ ಟವೆಲ್ ಎತ್ತಿಕೊಂಡು, "ಹೆಸರು ಹಿಡಿದು ಕರೆದುಬಿಟ್ಯಲ್ಲೇ. ನನ್ನ ಆಯುಸ್ಸಿನ ಗತಿ ಏನು?" ಅಂದ.

ಅವಳು ನೀರಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಇನ್ನೊಂದ್ಸಲ ಅವಳ ಕೈ ಹಿಡಿದು ನೋಡ್ರಿ. ಇನ್ನೊಂದ್ಸಲ ಕರೀತೀನಿ."