ಹೊಗೆಬಣ್ಣದ ಕಿಟಕಿ

“ಹೊಗೆಬಣ್ಣದ್ದೇ ಕೊಡು ಯೆಪ್ಪೆ,” ಎಂದ ಟೊರ್ಕಿಲ್. “ಬಂದರಿನ ಕಟ್ಟೆ ಮೇಲೆ ಹೋಗೋರೆಲ್ಲ ನಮ್ಮ ತಟ್ಟೇಲಿ ಎಷ್ಟು ಮೀನಿದೆ ಅಂತ ಇಣುಕೋದು ತಪ್ಪುತ್ತೆ.”

ಅವನ ಹಾಯಿದೋಣಿಗೆ ಮೂವತ್ತನಾಲ್ಕು ವರ್ಷ. ಕಿಟಕಿಗಳ ಅಕ್ರಿಲಿಕ್ ಬಿಸಿಲಿಗೆ ನವಿರಾಗಿ ಬಿರುಕುಬಿಟ್ಟು ಹಾಲು ಚೆಲ್ಲಿದಂತೆ ಮಂಕಾಗಿತ್ತು. ದೋಣಿ ರಿಪೇರಿಯ ಯೆಪ್ಪೆ ಮೇಜಿನ ಮೇಲೆ ಮೂರು ತುಂಡು ಇಟ್ಟಿದ್ದ. ಪಾಲಿಕಾರ್ಬನೇಟ್ ಸುತ್ತಿಗೆಗೂ ಒಡೆಯದು, ಆದರೆ ಒರೆಸಿದಷ್ಟೂ ಗೀರು ಬೀಳುತ್ತದೆ. ಅದನ್ನು ಮೊದಲೇ ಬದಿಗಿಟ್ಟರು. ಉಳಿದೆರಡೂ ಅಕ್ರಿಲಿಕ್: ಒಂದು ನೀರಿನಷ್ಟು ತಿಳಿ, ಇನ್ನೊಂದು ಹೊಗೆಬಣ್ಣ.

“ತಿಳಿಯಾದದ್ದು,” ಎಂದಳು ಹೆಂಡತಿ ಗುದ್ರುನ್. “ಕಡಲಿಂದ ಫ್ಯೋರ್ಡ್ ಕೊಲ್ಲಿಯೊಳಗೆ ಬರೋವಾಗ ದೋಣಿಯ ಒಲೆ ಮುಂದೆ ಕೂತು, ಕಿಟಕಿಯಿಂದ ನೋಡಿ, ಕೆಂಪು ತೇಲುಗಂಬ ಯಾವುದು, ಹಸಿರು ಯಾವುದು ಅಂತ ಕೂಗೋಳು ನಾನು. ಕೆಂಪನ್ನ ಎಡಕ್ಕೆ ಬಿಡದಿದ್ರೆ ನೇರ ಮರಳುದಿಬ್ಬಕ್ಕೇ.”

“ಕೂಗದಿದ್ರೆ ಇವಳ ಬಾಯಿ ತುಕ್ಕು ಹಿಡಿಯುತ್ತೆ. ಚುಕ್ಕಾಣಿ ಹಿಡಿದೋನಿಗೆ ಕಣ್ಣಿಲ್ವಾ?”

ಗುದ್ರುನ್ ಹೆಣಿಗೆಯ ಚೀಲದಿಂದ ಕೆಂಪು ನೂಲುಂಡೆ, ಹಸಿರು ನೂಲುಂಡೆ ತೆಗೆದು ಹೊಗೆಬಣ್ಣದ ತುಂಡಿನ ಹಿಂದೆ ಹಿಡಿದಳು. “ಕೆಂಪು ಯಾವುದು ಯೆಪ್ಪೆ?”

“ಎರಡೂ ಕೆಸರಿದ್ದಂಗಿದೆ.”

“ಅಯ್ಯೋ ಕುರುಡ! ಎಡಗಡೇದು,” ಎಂದು ಟೊರ್ಕಿಲ್ ನಕ್ಕ.

ಯೆಪ್ಪೆ ತುಂಡನ್ನು ಸರಿಸಿದ. ಎಡಗಡೆ ಇದ್ದದ್ದು ಹಸಿರು.

“ನೋಡಿದ್ಯಾ? ಕೆಂಪೇ,” ಎಂದ ಟೊರ್ಕಿಲ್, ಉಂಡೆಯನ್ನೇ ನೋಡುತ್ತ.

ಯೆಪ್ಪೆ ಬಾಯಿ ತೆರೆದ. ಗುದ್ರುನ್ ಅವನತ್ತ ತಿರುಗಿ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳು. “ಸರಿಯಾಗೇ ಹೇಳ್ದೆ ಬಿಡು,” ಎಂದು ಗಂಡನಿಗೆ ಹೇಳಿ ಉಂಡೆಗಳನ್ನು ಚೀಲಕ್ಕೆ ತುರುಕಿದಳು.

ಯೆಪ್ಪೆ ಎರಡು ಹೆಜ್ಜೆ ಹಿಂದೆ ಸರಿದು, ಗೋಡೆಗೊರಗಿಸಿದ್ದ ಹೊಗೆಬಣ್ಣದ ಹಾಳೆಗಳಿಗೆ ಬೆನ್ನು ಕೊಟ್ಟು ನಿಂತ. “ಹೊಗೆಬಣ್ಣದ್ದು ಮುಗಿದುಹೋಗಿದೆ ಮಾರಾಯ. ಇದು ಬರೀ ತೋರಿಸೋ ತುಂಡು. ಇರೋದು ತಿಳಿಯಾದದ್ದೇ.”

“ಹೋಗ್ಲಿ, ಅದನ್ನೇ ಕೊಯ್ಯಿ. ಊಟದ ಹೊತ್ತಿಗೆ ಪರದೆ ಎಳ್ಕೊಂಡ್ರಾಯ್ತು.”

ಗುದ್ರುನ್ ಫ್ಲಾಸ್ಕಿನಿಂದ ಮೂವರಿಗೂ ಕಾಫಿ ಬಗ್ಗಿಸಿದಳು. ಯೆಪ್ಪೆ ಹಳೆಯ ಕಿಟಕಿಯನ್ನು ತಿಳಿಹಾಳೆಯ ಮೇಲಿಟ್ಟು ಸುತ್ತಲೂ ಪೆನ್ಸಿಲ್ಲಿನ ಗೆರೆ ಎಳೆದ.

“ಈ ಸಲ ತಳಕ್ಕೆ ನಾನೇ ಬಣ್ಣ ಬಳಿದೆ, ನೋಡಿದ್ಯಾ?” ಎಂದ ಟೊರ್ಕಿಲ್ ಕಾಫಿ ಹೀರುತ್ತ. “ಒಂದು ಡಬ್ಬ ಸಾಲಲಿಲ್ಲ, ಇನ್ನೊಂದು ತಂದೆ. ಚುಕ್ಕಾಣಿವರೆಗೂ ಒಂದೇ ಕೆಂಪು.”

“ಚೆನ್ನಾಗಿ ಹಿಡಿದಿದೆ,” ಎಂದ ಯೆಪ್ಪೆ.

ಬಾಗಿಲಾಚೆ, ಏಪ್ರಿಲ್ಲಿನ ಬಿಸಿಲಲ್ಲಿ, ದೋಣಿ ಆಸರೆಗಂಬಗಳ ಮೇಲೆ ನಿಂತಿತ್ತು: ಕಡುಗೆಂಪು ತಳ, ಎಲೆಹಸಿರು ಚುಕ್ಕಾಣಿ.